ಅಂಕಿ ಲೆಕ್ಕ ಬಂದರೆ ಸಮೀಕರಣವೋ, ಆಪ್ಷನ್ನೋ, 9ರ ಗುಟ್ಟೋ?

ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರು ಪದೇ ಪದೇ ಕೇಳುವ ಪ್ರಶ್ನೆ ಇದು. "ಎರಡಂಕಿಯ ಒಂದು ಸಂಖ್ಯೆಯ ಅಂಕಿಗಳನ್ನು ಅದಲು ಬದಲು ಮಾಡಿದರೆ..." ಎಂದು ಶುರುವಾಗುವ ಲೆಕ್ಕವನ್ನು ಹೇಗೆ ಬಿಡಿಸಬೇಕು? ಹೈಸ್ಕೂಲಿನಲ್ಲಿ ಎಕ್ಸ್, ವೈ ಹಾಕಿ ಸಮೀಕರಣ ಬರೆಯಲು ಕಲಿಸಿದ್ದರು. ಕೋಚಿಂಗ್‌ನಲ್ಲಿ ಆಪ್ಷನ್ ಇಟ್ಟು ನೋಡು ಅನ್ನುತ್ತಾರೆ. ಯೂಟ್ಯೂಬ್ ತೆರೆದರೆ 9ರಿಂದ ಭಾಗಿಸಿ ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ಉತ್ತರ ಹೇಳುವವರು ಸಿಗುತ್ತಾರೆ. ಮೂವರೂ ಹೇಳುವುದು ನಿಜವೇ. ಆದರೆ ಪ್ರತಿಯೊಬ್ಬರೂ ತಮ್ಮ ದಾರಿ ಒಂದೇ ಸಾಕು ಅನ್ನುತ್ತಾರಲ್ಲ, ಗೊಂದಲ ಶುರುವಾಗುವುದು ಅಲ್ಲಿ.

ನನ್ನ ಅನಿಸಿಕೆ ಮೊದಲೇ ಹೇಳಿಬಿಡುತ್ತೇನೆ. ದಾರಿ ಆರಿಸುವ ಮೊದಲು ಪ್ರಶ್ನೆಯ ಕೊನೆಯ ಸಾಲು ಓದಬೇಕು. "ಆ ಸಂಖ್ಯೆ ಯಾವುದು?" ಎಂದು ಕೇಳಿದ್ದರೆ ಒಂದು ದಾರಿ ಸುಲಭ. "ಅಂಥ ಸಂಖ್ಯೆಗಳು ಎಷ್ಟಿವೆ?" ಎಂದು ಕೇಳಿದ್ದರೆ ಅದೇ ದಾರಿ ನಿಮ್ಮನ್ನು ನಡುನೀರಿನಲ್ಲಿ ಕೈಬಿಡುತ್ತದೆ.

ಯಾವುದರ ಮೇಲೆ ತೂಗಬೇಕು?

ನಾಲ್ಕು ವಿಷಯ ನೋಡಿ ಸಾಕು.

ಒಂದು, ಉತ್ತರ ಯಾವ ರೂಪದಲ್ಲಿದೆ? ಆಪ್ಷನ್‌ಗಳಲ್ಲಿ ಆ ಸಂಖ್ಯೆಯೇ ಇದೆಯಾ, ಅಥವಾ ಅಂಕಿಗಳ ಮೊತ್ತ, ಗುಣಲಬ್ಧ, "ಎಷ್ಟು ಸಂಖ್ಯೆಗಳು" ಎಂಬಂಥದ್ದು ಇದೆಯಾ? ಐಐಎಂಗಳಲ್ಲಿ ಎಂಬಿಎ ಸೇರಲು ಬರೆಯುವ ಕ್ಯಾಟ್ ಪರೀಕ್ಷೆಯ ಕೆಲವು ಪ್ರಶ್ನೆಗಳಲ್ಲಂತೂ ಆಪ್ಷನ್ನೇ ಇರುವುದಿಲ್ಲ, ಉತ್ತರವನ್ನು ನೀವೇ ಟೈಪ್ ಮಾಡಬೇಕು.

ಎರಡು, ಕೈಯಲ್ಲಿ ಎಷ್ಟು ಸೆಕೆಂಡ್ ಇದೆ? ಇಲ್ಲಿ ಬಜೆಟ್ ಅಂದರೆ ಸಮಯವೇ. ಕೇಂದ್ರ ಸರ್ಕಾರದ ಹುದ್ದೆಗಳಿಗೆ ಬರೆಯುವ ಎಸ್‌ಎಸ್‌ಸಿ ಸಿಜಿಎಲ್ ಮೊದಲ ಹಂತದಲ್ಲಿ 60 ನಿಮಿಷಕ್ಕೆ 100 ಪ್ರಶ್ನೆ, ಅಂದರೆ ಒಂದಕ್ಕೆ 36 ಸೆಕೆಂಡ್. ರೈಲ್ವೆಯ ಎನ್‌ಟಿಪಿಸಿ ಮೊದಲ ಹಂತದಲ್ಲಿ 90 ನಿಮಿಷಕ್ಕೆ 100, ಅಂದರೆ 54 ಸೆಕೆಂಡ್. ಐಎಎಸ್ ಮುಂತಾದ ಹುದ್ದೆಗಳ ಪೂರ್ವಭಾವಿ ಪರೀಕ್ಷೆಯ ಎರಡನೇ ಪತ್ರಿಕೆಯಾದ ಯುಪಿಎಸ್‌ಸಿಯ ಸಿಸ್ಯಾಟ್‌ನಲ್ಲಿ 2 ಗಂಟೆಗೆ 80 ಪ್ರಶ್ನೆ, ತಲಾ ಒಂದೂವರೆ ನಿಮಿಷ. ಕ್ಯಾಟ್‌ನ ಗಣಿತ ವಿಭಾಗದಲ್ಲಿ ಇತ್ತೀಚಿನ ಮಾದರಿ ಪ್ರಕಾರ 40 ನಿಮಿಷಕ್ಕೆ 22. ಒಂದೊಂದಕ್ಕೂ ಎರಡು ನಿಮಿಷಕ್ಕೆ ಸ್ವಲ್ಪ ಕಮ್ಮಿ.

ಮೂರು, ತಪ್ಪಾದರೆ ಎಷ್ಟು ಅಂಕ ಹೋಗುತ್ತದೆ?

ನಾಲ್ಕು, ಆ ದಾರಿ ಕೈಗೆ ಹತ್ತಲು ಎಷ್ಟು ಅಭ್ಯಾಸ ಬೇಕು? ಪರೀಕ್ಷೆಗೆ ಹತ್ತು ದಿನ ಇರುವವರಿಗೂ ಆರು ತಿಂಗಳು ಇರುವವರಿಗೂ ಒಂದೇ ಸಲಹೆ ಕೊಟ್ಟರೆ ಆಗುವುದಿಲ್ಲ ಅಲ್ವಾ?

ಒಂದೇ ಲೆಕ್ಕ, ನಾಲ್ಕು ದಾರಿ

ಎಲ್ಲರಿಗೂ ಪರಿಚಯದ ಲೆಕ್ಕವನ್ನೇ ತಗೊಳ್ಳೋಣ. ಎರಡಂಕಿಯ ಸಂಖ್ಯೆ. ಅಂಕಿಗಳ ಮೊತ್ತ 12. ಅಂಕಿಗಳನ್ನು ತಿರುಗಿಸಿದರೆ ಸಂಖ್ಯೆ 18 ಜಾಸ್ತಿಯಾಗುತ್ತದೆ. ಆಪ್ಷನ್‌ಗಳು 48, 57, 66, 75.

ಪ್ರಶ್ನೆಪತ್ರಿಕೆಯಲ್ಲಿ ಎಕ್ಸ್, ವೈ ಇರುತ್ತದೆ. ಇಲ್ಲಿ ನಾನು ನೂರರ ಸ್ಥಾನಕ್ಕೆ ನ, ಹತ್ತರ ಸ್ಥಾನಕ್ಕೆ ಹ, ಬಿಡಿ ಸ್ಥಾನಕ್ಕೆ ಬ ಎಂದು ಬರೆಯುತ್ತೇನೆ. ಯಾವ ಅಕ್ಷರ ಯಾವ ಸ್ಥಾನದ್ದು ಎಂದು ಮತ್ತೆ ಮತ್ತೆ ಹಿಂದೆ ತಿರುಗಿ ನೋಡುವ ಕೆಲಸ ಉಳಿಯುತ್ತದೆ. ನಿಮ್ಮ ರಫ್ ಶೀಟಿನಲ್ಲೂ ಹೀಗೇ ಬರೆಯಬಹುದು, ಅದನ್ನು ಯಾರೂ ತಿದ್ದುವುದಿಲ್ಲ.

ಸಮೀಕರಣದ ದಾರಿ: ಹ + ಬ = 12. ತಿರುಗಿಸಿದ್ದು 10ಬ + ಹ, ಮೂಲ 10ಹ + ಬ. ಕಳೆದರೆ 9(ಬ − ಹ) = 18. ಆದ್ದರಿಂದ ಬ − ಹ = 2. ಬ = 7, ಹ = 5. ಉತ್ತರ 57.

ಆಪ್ಷನ್ ದಾರಿ: 48 ತಿರುಗಿಸಿದರೆ 84, ವ್ಯತ್ಯಾಸ 36, ಬೇಡ. 57 ತಿರುಗಿಸಿದರೆ 75, ವ್ಯತ್ಯಾಸ 18. ಮುಗಿಯಿತು. ಆದರೆ ಆಪ್ಷನ್‌ಗಳಲ್ಲಿ 75 ಕೂಡ ಇದೆ, ನೋಡಿದಿರಾ? ಅದರ ಮೊತ್ತವೂ 12, ವ್ಯತ್ಯಾಸವೂ 18. ಆದರೆ ತಿರುಗಿಸಿದಾಗ ಕಮ್ಮಿಯಾಗುತ್ತದೆ. "ಜಾಸ್ತಿಯಾಗುತ್ತದೆ" ಎಂಬ ಪದವನ್ನು ಬಿಟ್ಟು ಓದಿದವರಿಗೆ ಅಂತಲೇ ಅದನ್ನು ಅಲ್ಲಿ ಇಟ್ಟಿರುತ್ತಾರೆ.

9ರ ದಾರಿ: 18 ಭಾಗಿಸು 9 ಅಂದರೆ 2. ಎರಡು ಅಂಕಿಗಳ ಮೊತ್ತ 12, ವ್ಯತ್ಯಾಸ 2. ಅವು 7 ಮತ್ತು 5. ತಿರುಗಿಸಿದರೆ ಜಾಸ್ತಿಯಾಗಬೇಕು, ಹಾಗಾಗಿ ದೊಡ್ಡದು ಬಿಡಿ ಸ್ಥಾನದಲ್ಲಿ. 57.

ಪಟ್ಟಿಯ ದಾರಿ: ಮೊತ್ತ 12 ಬರುವುದು 39, 48, 57, 66, 75, 84, 93. ಒಂದೊಂದನ್ನೇ ನೋಡುತ್ತಾ ಹೋದರೆ ಮೂರನೆಯದಕ್ಕೆ ಸಿಗುತ್ತದೆ.

ಇಲ್ಲಿ ಗೆದ್ದದ್ದು 9ರ ದಾರಿ. ಆದರೆ ಇದು ಅದಕ್ಕೆಂದೇ ಹೊಲಿಸಿದ ಅಂಗಿಯಂಥ ಲೆಕ್ಕ. ಪ್ರಶ್ನೆ ಸ್ವಲ್ಪ ಬದಲಾದರೆ ಗೆಲ್ಲುವ ದಾರಿಯೂ ಬದಲಾಗುತ್ತದೆ.

ಸಮೀಕರಣ: ನಿಧಾನ, ಆದರೆ ಕೈಬಿಡುವುದಿಲ್ಲ

ಸಮೀಕರಣದ ಬಗ್ಗೆ ಇರುವ ದೂರು ಒಂದೇ, ಸಮಯ ತಿನ್ನುತ್ತದೆ ಅಂತ. ಅರ್ಧ ನಿಜ. ಅಭ್ಯಾಸ ಇಲ್ಲದವರಿಗೆ ಮೇಲಿನ ಲೆಕ್ಕಕ್ಕೇ ಒಂದು ನಿಮಿಷ ಹಿಡಿಯುತ್ತದೆ. ಕೈ ಕುದುರಿದವರು ಅದನ್ನು ಎರಡು ಸಾಲಿನಲ್ಲಿ ಮುಗಿಸುತ್ತಾರೆ.

ಇದರ ನಿಜವಾದ ಬಲ ಕಾಣುವುದು "ಎಷ್ಟು ಸಂಖ್ಯೆಗಳಿವೆ" ಎಂಬ ಪ್ರಶ್ನೆಯಲ್ಲಿ. ಉದಾಹರಣೆಗೆ: ತನ್ನ ಅಂಕಿಗಳ ಮೊತ್ತದ 4 ಪಟ್ಟು ಇರುವ ಎರಡಂಕಿಯ ಸಂಖ್ಯೆಗಳು ಎಷ್ಟು? ಆಪ್ಷನ್ 1, 3, 4, 5.

ಇಲ್ಲಿ ಆಪ್ಷನ್ ಇಟ್ಟು ನೋಡಲು ಏನೂ ಇಲ್ಲ. 3 ಎಂಬ ಆಪ್ಷನ್ನನ್ನು ಎಲ್ಲಿ ಇಡುತ್ತೀರಿ? 36 ಒಂದು ಹೊಳೆಯಬಹುದು, 12 ಹೊಳೆಯಬಹುದು. ಎಲ್ಲವೂ ಸಿಕ್ಕವು ಎಂದು ಹೇಗೆ ಗೊತ್ತಾಗಬೇಕು? ಸಮೀಕರಣ ಬರೆಯಿರಿ. 10ಹ + ಬ = 4ಹ + 4ಬ. ಅಂದರೆ 6ಹ = 3ಬ, ಬ = 2ಹ.

ತುಂಬಾ ಜನ ನಿಲ್ಲುವುದು ಇಲ್ಲೇ. ಗೊತ್ತಿಲ್ಲದ್ದು ಎರಡು, ಸಮೀಕರಣ ಒಂದೇ, ಇನ್ನೊಂದು ಎಲ್ಲಿ? ಇನ್ನೊಂದು ಪ್ರಶ್ನೆಯಲ್ಲಿ ಬರೆದಿರುವುದಿಲ್ಲ. ಅದು "ಅಂಕಿ" ಎಂಬ ಪದದ ಒಳಗೇ ಇದೆ. ಅಂಕಿ ಅಂದಮೇಲೆ 0ಯಿಂದ 9ರ ಒಳಗಿರಬೇಕು, ಮೊದಲ ಅಂಕಿ 0 ಆಗಿರಬಾರದು. ಹ 1 ಆದರೆ ಬ 2. ಹ 2 ಆದರೆ 4. ಹ 3 ಆದರೆ 6. ಹ 4 ಆದರೆ 8. ಹ 5 ಆದರೆ ಬ 10 ಆಗಬೇಕು, ಅದು ಅಂಕಿಯಲ್ಲ. ಹಾಗಾಗಿ 12, 24, 36, 48. ಉತ್ತರ 4. ಐದನೆಯದು ಇಲ್ಲ ಎಂಬ ಖಾತ್ರಿ ಸಮೇತ ಉತ್ತರ ಸಿಕ್ಕಿತು. ಈ ಖಾತ್ರಿ ಬೇರೆ ದಾರಿಗಳಲ್ಲಿ ಇಷ್ಟು ಸುಲಭಕ್ಕೆ ಸಿಗುವುದಿಲ್ಲ.

ಇದಕ್ಕಿಂತ ಚಂದದ್ದು ಇನ್ನೊಂದಿದೆ. ಅಂಕಿಗಳ ಮೊತ್ತಕ್ಕೆ ಅಂಕಿಗಳ ಗುಣಲಬ್ಧ ಕೂಡಿಸಿದರೆ ಅದೇ ಸಂಖ್ಯೆ ಬರಬೇಕು. ಅಂಥ ಎರಡಂಕಿಯ ಸಂಖ್ಯೆಗಳು ಎಷ್ಟು? ಹ + ಬ + ಹಬ = 10ಹ + ಬ. ಎರಡೂ ಕಡೆ ಇರುವ ಬ ಹೋಯಿತು, ಹ ಹೋಯಿತು. ಉಳಿದದ್ದು ಹಬ = 9ಹ. ಹ ಸೊನ್ನೆಯಲ್ಲ, ಆದ್ದರಿಂದ ಬ = 9. ಅಷ್ಟೇ. 19, 29, 39 ಹೀಗೆ 99ರವರೆಗೆ ಒಂಬತ್ತು ಸಂಖ್ಯೆಗಳು. 29 ತಗೊಂಡು ನೋಡಿ: 2 + 9 = 11, 2 × 9 = 18, ಕೂಡಿದರೆ 29. ಪಟ್ಟಿ ಮಾಡಲು ಹೋದರೆ ತೊಂಬತ್ತು ಸಂಖ್ಯೆ ನೋಡಬೇಕಿತ್ತು.

ಇಲ್ಲೇ ಒಂದು ಎಚ್ಚರಿಕೆ. ಹಬ ಎಂದು ಒಟ್ಟಿಗೆ ಬರೆದರೆ ಸಮೀಕರಣದಲ್ಲಿ ಅದು ಗುಣಾಕಾರ. ಸಂಖ್ಯೆ ಬರೆಯಬೇಕಾದರೆ 10ಹ + ಬ ಅಂತಲೇ ಬರೆಯಬೇಕು. ಸಮೀಕರಣದ ದಾರಿಯಲ್ಲಿ ತಪ್ಪಾಗುವುದು ಹೆಚ್ಚಾಗಿ ಈ ಒಂದು ಜಾಗದಲ್ಲಿ.

ಸುಮ್ನೆ ಕುತೂಹಲಕ್ಕೆ ಇನ್ನೊಂದು ಹೇಳುತ್ತೇನೆ. 36 ತನ್ನ ಅಂಕಿ ಮೊತ್ತದ 4 ಪಟ್ಟು, ತಿರುಗಿಸಿದ 63 ಏಳು ಪಟ್ಟು. 27 ಮೂರು ಪಟ್ಟು, 72 ಎಂಟು ಪಟ್ಟು. ಎರಡನ್ನೂ ಕೂಡಿದರೆ ಯಾವಾಗಲೂ 11. ಎರಡಂಕಿಯ ಸಂಖ್ಯೆಗೆ ಅದರ ತಿರುಗಿಸಿದ ಸಂಖ್ಯೆ ಕೂಡಿದರೆ 11(ಹ + ಬ) ಬರುತ್ತದಲ್ಲ, ಅದಕ್ಕೇ ಹೀಗೆ.

ಆಪ್ಷನ್ ಇಟ್ಟು ನೋಡುವುದು: ಅಗ್ಗ, ಆದರೆ ಎಲ್ಲ ಕಡೆ ನಡೆಯದು

ಆಪ್ಷನ್ ಇಟ್ಟು ನೋಡುವುದು ಕಳ್ಳದಾರಿ ಎಂದು ಕೆಲವು ಮೇಷ್ಟ್ರುಗಳು ಬೈಯುತ್ತಾರೆ. ನನಗೆ ಹಾಗೇನೂ ಅನಿಸುವುದಿಲ್ಲ. 36 ಸೆಕೆಂಡಿನ ಪರೀಕ್ಷೆಯಲ್ಲಿ ನಾಲ್ಕು ಸಂಖ್ಯೆ ಕೊಟ್ಟು ಇದರಲ್ಲಿ ಒಂದು ಸರಿ ಎಂದು ಅವರೇ ಹೇಳಿದ್ದಾರೆ. ಆ ಮಾಹಿತಿಯನ್ನು ಬಳಸದೆ ಇರುವುದಕ್ಕೆ ಕಾರಣ ಇಲ್ಲ.

ಆದರೆ ಬಳಸುವ ಕ್ರಮ ಬೇರೆ. ಮೊದಲ ಆಪ್ಷನ್ ತಗೊಂಡು ಎಲ್ಲ ಷರತ್ತನ್ನೂ ನೋಡಿ, ಆಮೇಲೆ ಎರಡನೆಯದನ್ನು ತಗೊಳ್ಳುವುದು ದುಬಾರಿ. ಅದರ ಬದಲು ಒಂದು ಸುಲಭದ ಷರತ್ತು ತಗೊಂಡು ನಾಲ್ಕೂ ಆಪ್ಷನ್‌ಗಳ ಮೇಲೆ ಕಣ್ಣಾಡಿಸಿ. ಉಳಿದವುಗಳ ಮೇಲೆ ಮಾತ್ರ ಮುಂದಿನ ಷರತ್ತು.

ಒಂದು ಲೆಕ್ಕ ಹತ್ತಿರದಿಂದ ನೋಡೋಣ. ಮೂರಂಕಿಯ ಸಂಖ್ಯೆ. ಅಂಕಿಗಳ ಮೊತ್ತ 14. ನಡುವಿನ ಅಂಕಿ ಉಳಿದೆರಡರ ಮೊತ್ತಕ್ಕೆ ಸಮ. ತಿರುಗಿಸಿದರೆ 99 ಜಾಸ್ತಿ. ಆಪ್ಷನ್: 275, 374, 473, 365.

ಮೊತ್ತ ನೋಡಬೇಡಿ. ನಾಲ್ಕಕ್ಕೂ 14 ಬರುವ ಹಾಗೆ ಮಾಡಿರುತ್ತಾರೆ, ಇಲ್ಲೂ ಹಾಗೇ ಇದೆ. ನಡುವಿನ ಅಂಕಿ ನೋಡಿ: 365ರಲ್ಲಿ 3 + 5 = 8, ನಡುವೆ 6. ಹೋಯಿತು. ತಿರುಗಿಸಿದರೆ ಜಾಸ್ತಿಯಾಗಬೇಕು ಅಂದರೆ ಕೊನೆಯ ಅಂಕಿ ಮೊದಲನೆಯದಕ್ಕಿಂತ ದೊಡ್ಡದು. 473 ಹೋಯಿತು. ಉಳಿದದ್ದು 275 ಮತ್ತು 374. ಮೂರಂಕಿಯ ಸಂಖ್ಯೆಗೂ ಅದರ ತಿರುಗುಮುರುಗಿಗೂ ಇರುವ ವ್ಯತ್ಯಾಸ ಮೊದಲ ಮತ್ತು ಕೊನೆಯ ಅಂಕಿಯ ವ್ಯತ್ಯಾಸದ 99 ಪಟ್ಟು. 99 ಬೇಕು ಅಂದರೆ ಅಂಕಿಗಳ ವ್ಯತ್ಯಾಸ 1. 275ರಲ್ಲಿ 3 ಇದೆ, 374ರಲ್ಲಿ 1. ಉತ್ತರ 374. ಪೆನ್ ಎತ್ತಲೇ ಇಲ್ಲ, ಒಂದು ಕಳೆಯುವ ಲೆಕ್ಕವನ್ನೂ ಮಾಡಲಿಲ್ಲ.

ಇದು ನಡೆಯದ ಜಾಗಗಳು ಮೂರು. ಆಪ್ಷನ್ ಇಲ್ಲದ ಪ್ರಶ್ನೆ. "ಎಷ್ಟಿವೆ" ಎಂಬ ಪ್ರಶ್ನೆ. ಮೂರನೆಯದು "ಇವುಗಳಲ್ಲಿ ಯಾವುದೂ ಅಲ್ಲ" ಎಂಬ ಆಪ್ಷನ್ ಇರುವಂಥದ್ದು. ಅಲ್ಲಿ ಮೂರು ತಪ್ಪು ಎಂದು ಗೊತ್ತಾದರೂ ನಾಲ್ಕನೆಯದನ್ನು ಒತ್ತಲು ಧೈರ್ಯ ಬೇಕು, ಯಾಕೆಂದರೆ ಎಲ್ಲೋ ಕೂಡುವುದರಲ್ಲಿ ತಪ್ಪಿರಬಹುದು. ಅಂಥದ್ದಕ್ಕೆ ಸಮೀಕರಣವೇ ಲೇಸು.

9 ಮತ್ತು 11: ಜರಡಿ ಹಿಡಿಯಲು

ಯೂಟ್ಯೂಬಿನ ಶಾರ್ಟ್‌ಕಟ್‌ಗಳಲ್ಲಿ ಬಹುಪಾಲು ಈ ಎರಡೇ ಸಂಗತಿಯಿಂದ ಹುಟ್ಟಿದವು. 10ರಿಂದ 1 ಕಳೆದರೆ 9, 100ರಿಂದ 1 ಕಳೆದರೆ 99. ಅದಕ್ಕೇ ಯಾವುದೇ ಸಂಖ್ಯೆಯಿಂದ ಅದರ ಅಂಕಿಗಳ ಮೊತ್ತ ಕಳೆದರೆ 9ರ ಮಗ್ಗಿಯಲ್ಲಿ ಬರುವ ಸಂಖ್ಯೆ ಸಿಗುತ್ತದೆ. ಅಂಕಿಗಳನ್ನು ಹೇಗೆ ಕಲಸಿದರೂ ಮೊತ್ತ ಬದಲಾಗುವುದಿಲ್ಲ. ಹಾಗಾಗಿ ಮೂಲ ಸಂಖ್ಯೆಗೂ ಕಲಸಿದ ಸಂಖ್ಯೆಗೂ ಇರುವ ವ್ಯತ್ಯಾಸ ಯಾವಾಗಲೂ 9ರಿಂದ ಭಾಗವಾಗುತ್ತದೆ.

ನಮ್ಮ ದೇಶದ್ದೇ ಒಂದು ಪ್ರಸಿದ್ಧ ಉದಾಹರಣೆ ಇದೆ. ಮಹಾರಾಷ್ಟ್ರದ ದೇವಳಾಲಿಯಲ್ಲಿ ಶಾಲಾ ಮೇಷ್ಟ್ರಾಗಿದ್ದ ಡಿ. ಆರ್. ಕಪ್ರೇಕರ್ 1949ರಲ್ಲಿ 6174 ಎಂಬ ಸಂಖ್ಯೆಯ ವಿಶೇಷ ಕಂಡುಹಿಡಿದರು. ನಾಲ್ಕಂಕಿಯ ಯಾವುದೇ ಸಂಖ್ಯೆ ತಗೊಳ್ಳಿ, ಎಲ್ಲ ಅಂಕಿಯೂ ಒಂದೇ ಆಗಿರಬಾರದು. ಇಳಿಕೆ ಕ್ರಮದಲ್ಲಿ ಬರೆದದ್ದರಿಂದ ಏರಿಕೆ ಕ್ರಮದಲ್ಲಿ ಬರೆದದ್ದನ್ನು ಕಳೆಯಿರಿ. ಬಂದದ್ದಕ್ಕೂ ಹಾಗೇ ಮಾಡಿ. ಹೆಚ್ಚೆಂದರೆ ಏಳು ಸಲದಲ್ಲಿ 6174ಕ್ಕೆ ಬಂದು ನಿಲ್ಲುತ್ತದೆ. 3524 ಇಟ್ಟುಕೊಂಡರೆ: 5432 − 2345 = 3087. 8730 − 0378 = 8352. 8532 − 2358 = 6174. ನಡುವೆ ಬಂದ ಪ್ರತಿ ಸಂಖ್ಯೆಯ ಅಂಕಿ ಮೊತ್ತವೂ 18. ಅಂದರೆ ಪ್ರತಿಯೊಂದೂ 9ರ ಮಗ್ಗಿಯದ್ದೇ. ಪರೀಕ್ಷೆಗೆ ಇದು ನೇರವಾಗಿ ಬರಲಿ ಬಿಡಲಿ, ಒಮ್ಮೆ ಕೈಯಾರೆ ಮಾಡಿದವರಿಗೆ 9ರ ಗುಣ ಮರೆಯುವುದಿಲ್ಲ.

ಈಗ ಮಿತಿ. 9ರ ಗುಣ ತಪ್ಪು ಉತ್ತರಗಳನ್ನು ಚೆನ್ನಾಗಿ ಹೊರಹಾಕುತ್ತದೆ, ಆದರೆ ಉಳಿದದ್ದೆಲ್ಲ ಸರಿ ಎಂದು ಹೇಳುವುದಿಲ್ಲ. ಇದು ನೋಡಿ: 53ಕ4ಖ ಎಂಬ ಐದಂಕಿಯ ಸಂಖ್ಯೆ (ಇಲ್ಲಿ ಕ, ಖ ಗೊತ್ತಿಲ್ಲದ ಅಂಕಿಗಳು, ಗುಣಾಕಾರ ಅಲ್ಲ) 72ರಿಂದ ಭಾಗವಾಗುತ್ತದೆ. ಕ + ಖ ಎಷ್ಟು? ಆಪ್ಷನ್ 3, 6, 12, 15.

72 ಅಂದರೆ 9 × 8. 9ರಿಂದ ಶುರು ಮಾಡಿ. 5 + 3 + 4 = 12. 12ಕ್ಕೆ ಕ + ಖ ಸೇರಿಸಿದರೆ 18 ಅಥವಾ 27 ಆಗಬೇಕು. ಅಂದರೆ ಕ + ಖ 6 ಅಥವಾ 15. ಎರಡೂ ಆಪ್ಷನ್‌ನಲ್ಲಿವೆ! ಇಲ್ಲಿಗೇ ನಿಂತು 6 ಚಿಕ್ಕದು ಎಂದು ಒತ್ತಿದವರು ಅದೃಷ್ಟ ನಂಬಿದ ಹಾಗೆ. 8ರ ನಿಯಮ ಹಾಕಿ. ಕೊನೆಯ ಮೂರು ಅಂಕಿ ಕ4ಖ 8ರಿಂದ ಭಾಗವಾಗಬೇಕು. 15 ಬರಲು ಖ ಸಮಸಂಖ್ಯೆ ಆಗಿರಬೇಕಾದ್ದರಿಂದ ಇರುವುದು ಎರಡೇ ಸಾಧ್ಯತೆ: 946 ಮತ್ತು 748. ಎರಡೂ 8ರಿಂದ ಭಾಗವಾಗುವುದಿಲ್ಲ. ಹಾಗಾದರೆ ಉತ್ತರ 6. ಬೇಕಿದ್ದರೆ ತಾಳೆ ನೋಡಿ, ಸಂಖ್ಯೆ 53640. ಅದು 72 × 745.

11ರ ಗುಣ ಇನ್ನೂ ಹರಿತ. ಎರಡಂಕಿಯ ಸಂಖ್ಯೆಗೆ ತಿರುಗಿಸಿದ್ದನ್ನು ಕೂಡಿದರೆ ಯಾವಾಗಲೂ 11ರ ಮಗ್ಗಿ. ಇದನ್ನು ಅಂಕಿಗಳ ಜಾಗದಲ್ಲಿ ಅಕ್ಷರ ಬರೆದಿರುವ ಅಕ್ಷರ ಲೆಕ್ಕಗಳಲ್ಲಿ ಬಳಸಿ ನೋಡಿ. ಕಖ + ಖಕ = ಗಘಗ, ಒಂದೊಂದು ಅಕ್ಷರಕ್ಕೂ ಬೇರೆ ಬೇರೆ ಅಂಕಿ. ಕಖ ಎಷ್ಟು ರೀತಿಯಲ್ಲಿರಬಹುದು? ಮೊತ್ತ 11(ಕ + ಖ). ಮೂರಂಕಿ ಬರಬೇಕು: 110, 121, 132, 143, 154, 165, 176, 187. ಮೊದಲ ಕೊನೆಯ ಅಂಕಿ ಒಂದೇ ಇರುವುದು 121 ಮಾತ್ರ. ಆದ್ದರಿಂದ ಕ + ಖ = 11, ಗ = 1, ಘ = 2. ಈಗ 29, 38, 47, 56 ಮತ್ತು ಅವುಗಳ ತಿರುಗುಮುರುಗು, ಒಟ್ಟು ಎಂಟು. ಎಂಟು ಎಂದು ಒತ್ತಿದರೆ ತಪ್ಪು. 29 ಮತ್ತು 92ರಲ್ಲಿ 2 ಇದೆ, ಅದನ್ನು ಘ ಆಗಲೇ ತಗೊಂಡಿದೆ. ಉತ್ತರ 6. ಇಂಥ ಲೆಕ್ಕ ಕೂಡುವ ಸಾಲಿನಲ್ಲಿ ಬರೆದು ದಶಕ ಹಿಡಿದುಕೊಂಡೂ ಮಾಡಬಹುದು, ಆದರೆ ತಿರುಗುಮುರುಗು ಕಂಡರೆ 11 ಬೇಗ.

ಇನ್ನೊಂದು ಮಾತು. ಎರಡಂಕಿಗೆ 9, ಮೂರಂಕಿಗೆ 99 ಎಂದು ಕಲಿತವರು ನಾಲ್ಕಂಕಿಗೆ 999 ಎಂದು ಮುಂದುವರಿಸುತ್ತಾರೆ. ಹಾಗಾಗುವುದಿಲ್ಲ. ನಾಲ್ಕಂಕಿಯಲ್ಲಿ ನಡುವಿನ ಎರಡು ಅಂಕಿಗಳೂ ಜಾಗ ಬದಲಿಸುತ್ತವೆ, ಅವುಗಳ ವ್ಯತ್ಯಾಸದ 90 ಪಟ್ಟು ಬೇರೆ ಸೇರುತ್ತದೆ. ಶಾರ್ಟ್‌ಕಟ್ ಎಲ್ಲಿಂದ ಬಂತು ಎಂದು ಗೊತ್ತಿದ್ದವರಿಗೆ ಮಾತ್ರ ಅದು ಎಲ್ಲಿ ನಿಲ್ಲುತ್ತದೆ ಎಂದೂ ಗೊತ್ತಿರುತ್ತದೆ.

ಪಟ್ಟಿ ಮಾಡುವುದು: ಯಾರೂ ಹೊಗಳದ ದಾರಿ

ಅಂಕಿಗಳ ಗುಣಲಬ್ಧ ಕೊಟ್ಟಿದ್ದರೆ ನಾನು ಯಾವ ಯೋಚನೆಯೂ ಇಲ್ಲದೆ ಪಟ್ಟಿಗೆ ಇಳಿಯುತ್ತೇನೆ. ಗುಣಲಬ್ಧ 24, 18 ಕೂಡಿದರೆ ಸಂಖ್ಯೆ ತಿರುಗುತ್ತದೆ. ಸಮೀಕರಣ ಬರೆದರೆ ವರ್ಗ ಸಮೀಕರಣ ಬರುತ್ತದೆ, ಅದನ್ನು ಅಪವರ್ತಿಸಬೇಕು, ಋಣ ಬೆಲೆ ಬಿಡಬೇಕು. ಪಟ್ಟಿ ಮಾಡಿದರೆ? ಗುಣಲಬ್ಧ 24 ಬರುವ ಅಂಕಿ ಜೋಡಿಗಳು ಎರಡೇ: 3 ಮತ್ತು 8, 4 ಮತ್ತು 6. ವ್ಯತ್ಯಾಸ 2 ಇರುವುದು ಎರಡನೆಯದು. ಉತ್ತರ 46.

ಕಷ್ಟ ಬರುವುದು ಪಟ್ಟಿ ಉದ್ದವಾದಾಗ ಮತ್ತು ಅಂಚಿನಲ್ಲಿ. ಅಂಚು ಅಂದರೆ ಸೊನ್ನೆ. ಈ ಪ್ರಶ್ನೆ ನೋಡಿ: ಮೂರಂಕಿಯ ಸಂಖ್ಯೆಯಿಂದ ಅದನ್ನು ತಿರುಗಿಸಿದ್ದನ್ನು ಕಳೆದರೆ 396. ಅಂಥವು ಎಷ್ಟು? 99 × 4 = 396, ಆದ್ದರಿಂದ ನ − ಬ = 4. ಜೋಡಿಗಳು 9 ಮತ್ತು 5, 8 ಮತ್ತು 4, 7 ಮತ್ತು 3, 6 ಮತ್ತು 2, 5 ಮತ್ತು 1. ಐದು. ಹ ಯಾವುದಾದರೂ ಆಗಬಹುದು, ಹತ್ತು ರೀತಿ. ಒಟ್ಟು 50. ಆದರೆ 4 ಮತ್ತು 0 ಜೋಡಿ? 420 ತಿರುಗಿಸಿದರೆ 024, ಅಂದರೆ 24. 420 − 24 = 396. ಲೆಕ್ಕ ಸರಿಯಾಗಿಯೇ ಇದೆ. ಇದನ್ನೂ ಸೇರಿಸಿದರೆ 60.

ಯಾವುದು ಸರಿ? ಪ್ರಶ್ನೆಯಲ್ಲಿ "ತಿರುಗಿಸಿದಾಗಲೂ ಮೂರಂಕಿಯ ಸಂಖ್ಯೆ" ಎಂದಿದ್ದರೆ 50, ಏನೂ ಹೇಳದಿದ್ದರೆ 60. ಆಪ್ಷನ್‌ಗಳಲ್ಲಿ ಎರಡೂ ಇದ್ದರೆ ಪರೀಕ್ಷಿಸುತ್ತಿರುವುದು ಸೊನ್ನೆಯನ್ನೇ ಎಂದು ತಿಳಿಯಿರಿ, ಪ್ರಶ್ನೆಯನ್ನು ಇನ್ನೊಮ್ಮೆ ಓದಿ.

ಇನ್ನು 7ರ 100ನೇ ಘಾತದ ಕೊನೆಯ ಅಂಕಿ ಯಾವುದು ಎಂಬಂಥ ಪ್ರಶ್ನೆಗಳು ಬೇರೆ ಜಾತಿ. ಅಲ್ಲಿ ಆರಿಸಲು ಏನೂ ಇಲ್ಲ. 7, 9, 3, 1 ಎಂದು ನಾಲ್ಕರ ಸುತ್ತು ಬರುತ್ತದೆ, 100 ನಾಲ್ಕರಿಂದ ಭಾಗವಾಗುತ್ತದೆ, ಉತ್ತರ 1. ಸುತ್ತು ಕಲಿಯಿರಿ, ಮುಗಿಯಿತು.

ಎರಡು ಉಳಿದಾಗ ಒತ್ತಬೇಕಾ, ಬಿಡಬೇಕಾ?

9ರ ಜರಡಿ ಹಿಡಿದು ಎರಡು ಆಪ್ಷನ್ ಉಳಿದಿವೆ, ಸಮಯ ಇಲ್ಲ. ಈಗ? ಇದನ್ನು ಮನಸ್ಸಿಗೆ ಬಿಡಬೇಡಿ, ಲೆಕ್ಕ ಮಾಡಿ ಇಟ್ಟುಕೊಳ್ಳಿ.

ಸಿಜಿಎಲ್ ಮೊದಲ ಹಂತದಲ್ಲಿ ಸರಿಗೆ 2 ಅಂಕ, ತಪ್ಪಿಗೆ 0.50 ಕಡಿತ. ಎರಡು ಉಳಿದ ನಾಲ್ಕು ಪ್ರಶ್ನೆ ಊಹಿಸಿದರೆ ಸರಾಸರಿ ಎರಡು ಸರಿ, ಎರಡು ತಪ್ಪು. 4 ಬಂತು, 1 ಹೋಯಿತು, ಲಾಭ 3. ಒತ್ತಿ. ರೈಲ್ವೆ ಎನ್‌ಟಿಪಿಸಿಯಲ್ಲಿ ಮತ್ತು ಸಿಸ್ಯಾಟ್‌ನಲ್ಲಿ ತಪ್ಪಿಗೆ ಮೂರನೇ ಒಂದು ಭಾಗ ಕಡಿತ. ನಾಲ್ಕು ಆಪ್ಷನ್‌ನಲ್ಲಿ ಕಣ್ಣು ಮುಚ್ಚಿ ಒತ್ತಿದರೆ ಸರಾಸರಿ ಒಂದು ಸರಿ, ಮೂರು ತಪ್ಪು: ಬಂದದ್ದೆಲ್ಲ ಹೋಯಿತು, ಲಾಭ ಸೊನ್ನೆ. ಎರಡು ಉಳಿದಿದ್ದರೆ ಲಾಭವೇ. ಕ್ಯಾಟ್‌ನಲ್ಲಿ ಆಪ್ಷನ್ ಪ್ರಶ್ನೆಗೆ ಸರಿಯಾದರೆ 3, ತಪ್ಪಾದರೆ 1 ಕಡಿತ, ಅಲ್ಲೂ ಇದೇ ಲೆಕ್ಕ. ಟೈಪ್ ಮಾಡುವ ಪ್ರಶ್ನೆಗೆ ಕಡಿತವೇ ಇಲ್ಲ, ಅದನ್ನು ಖಾಲಿ ಬಿಡುವುದಕ್ಕೆ ಅರ್ಥವೇ ಇಲ್ಲ.

ಹಾಗಾಗಿ 9ರ ದಾರಿ ಪೂರ್ತಿ ಉತ್ತರ ಕೊಡದಿದ್ದರೂ ದಂಡವೇನಲ್ಲ. ಎರಡು ಆಪ್ಷನ್ ಹೊರಹಾಕಿದ್ದಕ್ಕೇ ಅಂಕ ಇದೆ.

ಯಾರಿಗೆ ಯಾವುದು?

ಎಸ್‌ಎಸ್‌ಸಿ ಬರೆಯುವವರು 9, 11ರ ಗುಣವನ್ನು ಮೊದಲು ಹಿಡಿಯಿರಿ, ಜೊತೆಗೆ ಆಪ್ಷನ್ ಮೇಲೆ ಕಣ್ಣಾಡಿಸುವ ಅಭ್ಯಾಸ. 36 ಸೆಕೆಂಡಿನಲ್ಲಿ ಪೂರ್ತಿ ಸಮೀಕರಣಕ್ಕೆ ಜಾಗ ಕಮ್ಮಿ. ರೈಲ್ವೆಯವರಿಗೂ ಬಹುಪಾಲು ಇದೇ. ಎನ್‌ಟಿಪಿಸಿಯನ್ನು ಕನ್ನಡದಲ್ಲೇ ಬರೆಯಬಹುದು, ಓದುವುದರಲ್ಲೇ ನಾಲ್ಕೈದು ಸೆಕೆಂಡ್ ಉಳಿಯುತ್ತದೆ.

ಸಿಸ್ಯಾಟ್ ಬೇರೆಯೇ ಕಥೆ. ಅಲ್ಲಿ 33% ಬಂದರೆ ಸಾಕು, 200ಕ್ಕೆ 66. ಎಲ್ಲ ಪ್ರಶ್ನೆ ಮುಟ್ಟಬೇಕಿಲ್ಲ, ಮುಟ್ಟಿದ್ದು ತಪ್ಪಬಾರದು. ಒಂದೂವರೆ ನಿಮಿಷ ಇದೆ. "ಎಷ್ಟು ಸಂಖ್ಯೆಗಳು" ಎಂಬ ಪ್ರಶ್ನೆಗೂ ಅಕ್ಷರ ಲೆಕ್ಕಕ್ಕೂ ತಯಾರಾಗಿರಬೇಕು. ನನ್ನನ್ನು ಕೇಳಿದರೆ ಇಲ್ಲಿ ಸಮೀಕರಣ ಮೊದಲು, ಆಮೇಲೆ ಪಟ್ಟಿ. ಪ್ರಶ್ನೆಪತ್ರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ ಇರುವುದರಿಂದ ಕನ್ನಡ ಮಾಧ್ಯಮದವರು ಡಿಜಿಟ್, ರಿವರ್ಸ್, ಇಂಟರ್‌ಚೇಂಜ್ ಜೊತೆಗೆ ಡಿಸ್ಟಿಂಕ್ಟ್ (ಬೇರೆ ಬೇರೆ) ಎಂಬ ಪದವನ್ನು ಚೆನ್ನಾಗಿ ಗುರುತಿಟ್ಟುಕೊಳ್ಳಿ. ಮೇಲಿನ ಅಕ್ಷರ ಲೆಕ್ಕದಲ್ಲಿ 8 ಹೋಗಿ 6 ಆದದ್ದು ಆ ಒಂದು ಷರತ್ತಿನಿಂದ.

ಕ್ಯಾಟ್ ಬರೆಯುವವರಿಗೆ ಸಮೀಕರಣ ತಪ್ಪಿಸಿಕೊಳ್ಳುವ ದಾರಿ ಇಲ್ಲ. ಆಪ್ಷನ್ ಇಲ್ಲದ ಪ್ರಶ್ನೆ ಇದ್ದೇ ಇರುತ್ತದೆ. ಪರದೆಯ ಮೇಲೆ ಕ್ಯಾಲ್ಕ್ಯುಲೇಟರ್ ಇದೆ ನಿಜ, ಆದರೆ ಬ = 9 ಎಂದು ಅದು ಹೇಳುವುದಿಲ್ಲ. ವಿದೇಶದಲ್ಲಿ ಎಂಬಿಎ ಓದಲು ಜಿಮ್ಯಾಟ್ ಬರೆಯುವವರಿಗೆ ಗಣಿತ ವಿಭಾಗದಲ್ಲಿ 45 ನಿಮಿಷಕ್ಕೆ 21 ಪ್ರಶ್ನೆ, ಕ್ಯಾಲ್ಕ್ಯುಲೇಟರ್ ಇಲ್ಲ. ಸಮಯ ಸ್ವಲ್ಪ ಧಾರಾಳ, ಎಲ್ಲ ಪ್ರಶ್ನೆಗೂ ಆಪ್ಷನ್ ಇದೆ. ಅವರಿಗೆ ಸಮೀಕರಣ ಎರಡು ಸಾಲು ಬರೆದು ಉಳಿದದ್ದನ್ನು ಆಪ್ಷನ್‌ನಿಂದ ಮುಗಿಸುವ ಬೆರಕೆ ದಾರಿ ಚೆನ್ನಾಗಿ ಒಗ್ಗುತ್ತದೆ.

ಪರೀಕ್ಷೆಗೆ ಒಂದೇ ವಾರ ಇದ್ದರೆ ಹೊಸದಾಗಿ ಸಮೀಕರಣ ಕಲಿಯಲು ಕೂರಬೇಡಿ. 9, 99, 11 ಮೂರನ್ನು ಮತ್ತು ಆಪ್ಷನ್ ಜರಡಿಯನ್ನು ಮಾತ್ರ ಅಭ್ಯಾಸ ಮಾಡಿ. ತಿಂಗಳಿದ್ದರೆ ಸಮೀಕರಣದಿಂದಲೇ ಶುರು ಮಾಡಿ. 9 ಎಲ್ಲಿಂದ ಬರುತ್ತದೆ ಎಂದು ನೀವೇ ಬರೆದು ನೋಡಿದ ಮೇಲೆ ಶಾರ್ಟ್‌ಕಟ್ ಬಾಯಿಪಾಠ ಮಾಡುವ ಕೆಲಸವೇ ಇರುವುದಿಲ್ಲ.

ಮೂರು ಲೆಕ್ಕ ಕೊಡುತ್ತೇನೆ. ಬಿಡಿಸುವ ಮೊದಲು ಪ್ರತಿಯೊಂದರ ಪಕ್ಕ ಯಾವ ದಾರಿ ಎಂದು ಬರೆಯಿರಿ. (1) ಎರಡಂಕಿಯ ಸಂಖ್ಯೆಗೆ ತಿರುಗಿಸಿದ್ದನ್ನು ಕೂಡಿದರೆ ಪೂರ್ಣ ವರ್ಗ ಬರುತ್ತದೆ. ಅಂಥವು ಎಷ್ಟು? (2) ಅಂಕಿಗಳ ಗುಣಲಬ್ಧ 18, 27 ಕೂಡಿದರೆ ಸಂಖ್ಯೆ ತಿರುಗುತ್ತದೆ. ಯಾವುದು? (3) ತನ್ನ ಅಂಕಿಗಳ ಮೊತ್ತದ 6 ಪಟ್ಟು ಇರುವ ಎರಡಂಕಿಯ ಸಂಖ್ಯೆಗಳೆಲ್ಲವನ್ನೂ ಬರೆಯಿರಿ.

ಮೊದಲನೆಯದಕ್ಕೆ 11ರ ಗುಣ: ಮೊತ್ತ 121 ಮಾತ್ರ ಆಗಬಲ್ಲದು, ಉತ್ತರ 8. ಎರಡನೆಯದಕ್ಕೆ ಪಟ್ಟಿ: 2 ಮತ್ತು 9, 3 ಮತ್ತು 6, ಎರಡೇ ಜೋಡಿ, ಉತ್ತರ 36. ಮೂರನೆಯದಕ್ಕೆ ಸಮೀಕರಣ: 4ಹ = 5ಬ, ಇರುವುದು 54 ಒಂದೇ.